ನನ್ನದೊಂದು ಸ್ಟಾರ್ಟ್ ಗುಂಡಿ

ನಲವತ್ತೈದು ದಾಟಿದ ಗೃಹಿಣಿಯೊಬ್ಬಳು ಮೊಬೈಲಿನಲ್ಲಿ ಹಳೆಯ ಆಟಗಳನ್ನಾಡಲು ತನಗೊಂದು ಕಂಟ್ರೋಲರ್ ಬೇಕೆಂದು ಬಾಯಿಬಿಟ್ಟರೆ ಮನೆಯಲ್ಲಿ ಏನಾಗುತ್ತದೆಂಬುದನ್ನು ವಾಚಕರು ಊಹಿಸಬಲ್ಲರು. ನಮ್ಮ ಯಜಮಾನರು ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಟ್ಟು, ಕನ್ನಡಕ ತೆಗೆದು, ನನ್ನನ್ನೊಮ್ಮೆ ನೋಡಿದರು. "ಈ ವಯಸ್ಸಿನಾಗ ಅದೇನು ಆಟ ಮಾರಾಯ್ತಿ?" ಎಂದರು. ಮಗ ಕಿವಿಯಲ್ಲಿದ್ದುದನ್ನು ಕಿತ್ತು "ಯಾರಿಗೆ? ನಿನಗಾ?" ಎಂದ. ಅತ್ತೆಯವರು ಮಾತ್ರ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸದೆ, "ಆಡ್ಲಿ ಬಿಡ್ರೋ. ನಾವೇನ್ ಚೌಕಾಬಾರ ಆಡಿಲ್ಲೇನು?" ಎಂದುಬಿಟ್ಟರು. ಮೂರರಲ್ಲಿ ಒಂದು ಮತವಾದರೂ ನನ್ನ ಕಡೆಗೆ ಬಿತ್ತಲ್ಲ ಎಂದು ನಾನು ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದೆ.

ಈ ಆಸೆ ನಿನ್ನೆ ಮೊನ್ನೆಯದಲ್ಲ. 1993ರ ಬೇಸಿಗೆಯಲ್ಲಿ ಅಣ್ಣ ಎಸ್ಸೆಸ್ಸೆಲ್ಸಿಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದನೆಂಬ ಸಂತೋಷಕ್ಕೆ ಅಪ್ಪ ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗಿ ಒಂದು ಟಿವಿ ಗೇಮು ತಂದರು. ನಾನಾಗ ಧಾರವಾಡದಲ್ಲಿ ಎಂಟನೆಯ ಇಯತ್ತೆ ಮುಗಿಸಿದ್ದೆ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು ಅದು ಎಂಬುದು ನಮಗೆ ಯಾರಿಗೂ ತಿಳಿದಿರಲಿಲ್ಲ. ಅದರೊಡನೆ ಬಂದ ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಬರೆದಿತ್ತು. ಎಣಿಸಿ ನೋಡಿದರೆ ಹತ್ತು ಹನ್ನೆರಡು ಆಟಗಳೇ ಬೇರೆ ಬೇರೆ ವೇಷ ಹಾಕಿಕೊಂಡು ತಿರುಗಿ ತಿರುಗಿ ಬರುತ್ತಿದ್ದವು. ಕ್ಯಾಸೆಟ್ಟು ಹತ್ತದಿದ್ದರೆ ತೆಗೆದು ಉಫ್ ಎಂದು ಊದಿ ಮತ್ತೆ ಸಿಗಿಸುವುದು. ಅದಕ್ಕಿಂತ ಹೆಚ್ಚಿನ ರಿಪೇರಿ ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಯಂತ್ರಕ್ಕೆ ಎರಡು ರಿಮೋಟುಗಳು. ನಾವು ಹಾಗೇ ಕರೆಯುತ್ತಿದ್ದೆವು. ಮೊದಲನೆಯದು ಅಣ್ಣನದು, ಎರಡನೆಯದು ನನ್ನದು; ಇದನ್ನು ಯಾರೂ ನಿರ್ಣಯ ಮಾಡಲಿಲ್ಲ, ತಾನಾಗಿಯೇ ಆಯಿತು. ಎರಡಕ್ಕೂ ಎಡಗಡೆ ಕೂಡಿಸುವ ಚಿಹ್ನೆಯಂಥ ಗುಂಡಿ, ಬಲಗಡೆ ಎ ಮತ್ತು ಬಿ. ಆದರೆ ನಡುವೆ ಸೆಲೆಕ್ಟ್, ಸ್ಟಾರ್ಟ್ ಎಂಬ ಎರಡು ಸಣ್ಣ ಗುಂಡಿಗಳಿದ್ದವಲ್ಲ, ಅವು ಮೊದಲನೆಯದಕ್ಕೆ ಮಾತ್ರ. ಜಪಾನಿನ ಮೂಲ ಯಂತ್ರದಲ್ಲಿಯೂ ಹೀಗೆಯೇ ಇತ್ತೆಂದು ನನಗೆ ತಿಳಿದದ್ದು ಈಚೆಗೆ. ಅಲ್ಲಿ ಎರಡನೆಯ ರಿಮೋಟಿಗೆ ಆ ಗುಂಡಿಗಳ ಬದಲು ಒಂದು ಪುಟ್ಟ ಮೈಕು ಇಟ್ಟಿದ್ದರು. ಬೇಕಾದಷ್ಟು ಮಾತಾಡು, ಆಟ ಆರಂಭಿಸುವ ಅಧಿಕಾರ ಮಾತ್ರ ಕೇಳಬೇಡ ಎನ್ನುವ ಈ ಏರ್ಪಾಡನ್ನು ಅನೇಕ ಸಂಸಾರಗಳಲ್ಲಿ ನೋಡಿದ್ದೇನೆ. ಅದು ಬೇರೆ ಮಾತು.

1985ರ ಸೂಪರ್ ಮಾರಿಯೋ ಆಟದಲ್ಲಿ ಇಬ್ಬರು ಆಡಬಹುದೆಂದು ಬರೆದಿರುತ್ತದೆ. ಆಡಬಹುದು ನಿಜ, ಒಬ್ಬರಾದ ಮೇಲೆ ಒಬ್ಬರು. ಅಣ್ಣನ ಮಾರಿಯೋ ಸಾಯುವವರೆಗೂ ನನ್ನ ಲುಯಿಜಿಗೆ ಜನ್ಮವಿಲ್ಲ, ಅಣ್ಣನ ಮಾರಿಯೋ ಬಹಳ ಗಟ್ಟಿ ಆಯುಷ್ಯದವನು. ಕೊನಾಮಿ ಕಂಪನಿಯ ಕಾಂಟ್ರಾದಲ್ಲಿ ಇಬ್ಬರೂ ಒಟ್ಟಿಗೇ ಇರುತ್ತೇವೆ. ಅದರ ಮೂರನೆಯ ಹಂತದಲ್ಲಿ ಒಂದು ಜಲಪಾತವಿದೆ. ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಮೇಲೇರಬೇಕು. ಒಬ್ಬ ಅವಸರದಿಂದ ಏರಿಬಿಟ್ಟರೆ ಪರದೆಯೂ ಅವನೊಡನೆ ಏರುತ್ತದೆ. ಕೆಳಗುಳಿದವನು ಪರದೆಯ ಅಂಚಿನಿಂದ ಬಿದ್ದು ಸಾಯುತ್ತಾನೆ. ಆ ಜಲಪಾತದಲ್ಲಿ ನಾನು ಸತ್ತಷ್ಟು ಸಲ ವೈರಿಗಳ ಗುಂಡಿಗೆ ಸತ್ತಿಲ್ಲ. ಇನ್ನು ಅವ್ವ ಒಳಗಿನಿಂದ "ಹಿಟ್ಟು ನಾದು ಬಾ" ಎಂದು ಕರೆದರಂತೂ ಮುಗಿಯಿತು. ಆಟವನ್ನು ನಿಲ್ಲಿಸಿಡುವುದೂ ಸ್ಟಾರ್ಟ್ ಗುಂಡಿಯಿಂದಲೇ ಆಗಬೇಕು. ಅಣ್ಣನನ್ನು ಬೇಡಿಕೊಳ್ಳಬೇಕು. ಅವನು "ತಡಿ, ತಡಿ" ಎನ್ನುವುದರೊಳಗೆ ನನ್ನ ಸಿಪಾಯಿ ಸ್ವರ್ಗಸ್ಥನಾಗಿರುತ್ತಿದ್ದ.

ಆ ಮನೆಯನ್ನು 2019ರಲ್ಲಿ ಮಾರಿದೆವು. ಅಣ್ಣನಿಗೂ ನನಗೂ ಜಗಳವೇನೂ ಆಗಲಿಲ್ಲ. ಆದರೆ ಕಾಗದಪತ್ರಗಳಿಗೆ ಸಹಿ ಮಾಡುವ ದಿನಗಳಲ್ಲಿ ಅವನು ಕೇಳಬೇಕಾಗಿದ್ದ ಒಂದೆರಡು ಮಾತನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಮಾತು ಹಬ್ಬಹರಿದಿನಕ್ಕೆ ಇಳಿಯಿತು. ಪಂಚಾಂಗದವರು ಯಮದ್ವಿತೀಯ ಎನ್ನುವುದನ್ನು ಪುಣೆಯವರು ಭಾವುಬೀಜ ಎನ್ನುತ್ತಾರೆ. ಅಣ್ಣ ತಮ್ಮಂದಿರು ಅಕ್ಕ ತಂಗಿಯರ ಮನೆಗೆ ಬಂದು ಆರತಿ ಮಾಡಿಸಿಕೊಂಡು ತಟ್ಟೆಗೆ ಕಾಣಿಕೆ ಹಾಕುತ್ತಾರೆ. ನಮ್ಮಣ್ಣ ಬರುತ್ತಿರಲಿಲ್ಲ, ಕಾಣಿಕೆ ಮಾತ್ರ ಫೋನಿನೊಳಗೆ ಬಂದು ಬೀಳುತ್ತಿತ್ತು. 2024ರ ದೀಪಾವಳಿಗೆ ಹಾಗೆ ಬಂದ 2,500 ರೂಪಾಯಿಯನ್ನು ನಾನು ಖರ್ಚು ಮಾಡಿರಲಿಲ್ಲ. 2025ರ ಶ್ರಾವಣದಲ್ಲಿ ಫೋನು ಮಾಡಿ "ಈ ಸಲ ಬರ್ತೀನಿ" ಎಂದ. ಆ ದಿನವೇ ಈ ಹುಚ್ಚು ನನ್ನ ತಲೆಗೇರಿದ್ದು.

ಮಗ ಮೊದಲು ನನ್ನ ಫೋನಿನಲ್ಲಿ ರೆಟ್ರೊಆರ್ಚ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಟ್ಟ. ಅದು ಹಳೆಯ ಯಂತ್ರದ ವೇಷ ಧರಿಸಬಲ್ಲದು. ತಂತ್ರಾಂಶಕ್ಕೆ ತಕರಾರಿಲ್ಲ, ಆಟಗಳಿಗೆ ಮಾತ್ರ ಇಂದಿಗೂ ಮಾಲೀಕರಿದ್ದಾರೆ. ಕಂಡಕಂಡಲ್ಲಿಂದ ನಕಲು ಇಳಿಸಿಕೊಳ್ಳುವುದು ತರವಲ್ಲ ಎಂದು ನಮ್ಮವರು ಉಪದೇಶಿಸಿದರು. ನನ್ನ ಟ್ರಂಕಿನಲ್ಲಿ ಆ ಹಳದಿ ಕ್ಯಾಸೆಟ್ಟು ಇಂದಿಗೂ ಇದೆ ಎಂದೆ. ಅದೇ ಕಳ್ಳಮಾಲಾಗಿತ್ತಲ್ಲ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಗಾಜಿನ ಮೇಲೆ ಬರೆದ ಗುಂಡಿಗಳಿಂದ ಈ ಆಟಗಳನ್ನು ಆಡಲಾಗುವುದಿಲ್ಲವೆಂದು ಹತ್ತು ನಿಮಿಷದಲ್ಲಿ ತಿಳಿಯಿತು. ಹೆಬ್ಬೆರಳಿಗೆ ಗುಂಡಿಯ ಅಂಚು ಸಿಕ್ಕುವುದಿಲ್ಲ, ಅದು ಎಲ್ಲಿದೆಯೆಂದು ನೋಡಲು ಕಣ್ಣು ಕೆಳಗಿಳಿಯಬೇಕು, ಇಳಿಯಿತೋ ಮಾರಿಯೋ ಹಳ್ಳಕ್ಕೆ ಬಿದ್ದ. ಮೇಲಾಗಿ ಅರ್ಧ ಪರದೆಯನ್ನು ನಮ್ಮ ಬೆರಳುಗಳೇ ಮುಚ್ಚಿರುತ್ತವೆ.

ಸರಿ, ಮೆಟ್ರೊ ಹತ್ತಿ ಮಂಡೈಯಲ್ಲಿಳಿದು, ಬುಧವಾರ ಪೇಟೆಯ ತಪಕೀರ್ ಗಲ್ಲಿಗೆ ಹೋದೆ. ವಿದ್ಯುತ್ ಸಾಮಾನು ಬೇಕಾದ ಪುಣೆಯವರೆಲ್ಲ ಒಂದಿಲ್ಲೊಂದು ದಿನ ಹೋಗುವ ಗಲ್ಲಿ ಅದು. ಅಂಗಡಿಯಾತ ವಿನಯದಿಂದ "ಮುಲಾಸಾಠೀ ಕಾ?" ಎಂದು ಕೇಳಿದ. ಮಗನಿಗೋ ಎಂದು. ಹಿಂದೆ ನಾಲ್ಕು ಹುಡುಗರು ನಿಂತಿದ್ದರು. ನಾನು "ಹೋ" ಎಂದುಬಿಟ್ಟೆ.

ಆ ಒಂದು ಸುಳ್ಳಿಗೆ 650 ರೂಪಾಯಿ ದಂಡ ತೆತ್ತೆ. ಮಗನಿಗೆಂದರೆ ಗುಂಡು ಹಾರಿಸುವ ಹೊಸ ಆಟಗಳಿಗೆ ಎಂದು ತಿಳಿದು ಆತ ಅದಕ್ಕೆ ತಕ್ಕುದನ್ನೇ ಕೊಟ್ಟ: ನೆತ್ತಿಯ ಮೇಲೆ ಫೋನು ಸಿಕ್ಕಿಸುವ ಹಿಡಿಕೆ, ಎರಡು ಕೋಲುಗುಂಡಿ, ಬಣ್ಣಬಣ್ಣದ ದೀಪ, ಗುಡುಗುಡು ನಡುಗುವ ವ್ಯವಸ್ಥೆ. ನನಗೆ ಬೇಕಾದ ಕೂಡುಗುರುತಿನ ಗುಂಡಿ ಮಾತ್ರ ಒಂದು ಮೂಲೆಯಲ್ಲಿ ಸವತಿಯ ಮಗುವಿನಂತಿತ್ತು. ಬಲಕ್ಕೆ ಒತ್ತಿದರೆ ಬಲಕ್ಕೂ ಕೆಳಕ್ಕೂ ಒಟ್ಟಿಗೆ ಒತ್ತಿದಂತಾಗುತ್ತಿತ್ತು; ಕಾಂಟ್ರಾದ ಸಿಪಾಯಿ ಎದುರಿನವನಿಗೆ ಹೊಡೆಯುವುದನ್ನು ಬಿಟ್ಟು ನೆಲಕ್ಕೆ ಹೊಡೆಯುತ್ತ ಓಡುತ್ತಿದ್ದ. ಮೇಲೆ ಫೋನಿನ ಭಾರಕ್ಕೆ ಮಣಿಕಟ್ಟು ನೋಯುವುದು ಬೇರೆ. ಅಂಗಡಿಯಾತನದು ತಪ್ಪಿಲ್ಲ, ಔಷಧಿ ಯಾರಿಗೆಂದು ಹೇಳದೆ ತಂದರೆ ಹೀಗೆಯೇ.

ಮಗನಿಗೆ ಕನಿಕರ ಹುಟ್ಟಿತು. ಹತ್ತಿರ ಕುಳಿತು ಪಾಠ ಹೇಳಿದ. ಹಳೆಯ ಆಟಕ್ಕೆ ಎಂಟೇ ಒತ್ತು: ನಾಲ್ಕು ದಿಕ್ಕು, ಎ, ಬಿ, ಸೆಲೆಕ್ಟ್, ಸ್ಟಾರ್ಟ್. ಉಳಿದದ್ದೆಲ್ಲ ಅಲಂಕಾರ. ಅಯಸ್ಕಾಂತದಿಂದ ನಡೆಯುವ, ಸವೆಯದ ಕೋಲುಗುಂಡಿ ಎಂದು ಈಗ ದೊಡ್ಡದಾಗಿ ಸಾರುತ್ತಾರೆ. ಒಳ್ಳೆಯದೇ ಇರಬಹುದು, ಆದರೆ ಕೋಲನ್ನೇ ಮುಟ್ಟದವಳು ಅದಕ್ಕೇಕೆ ಹಣ ಕೊಡಬೇಕು? ಎಲ್ಲವೂ ನಿಂತಿರುವುದು ಆ ಕೂಡುಗುರುತಿನ ಮೇಲೆ. ಅದನ್ನು 1982ರಲ್ಲಿ ಒಂದು ಅಂಗೈ ಆಟಕ್ಕಾಗಿ ರೂಪಿಸಿದವರು ನಿಂಟೆಂಡೊದ ಗುನ್‌ಪೆಯ್ ಯೊಕೊಯಿ. ನಡುವೆ ಒಂದು ಮೊಳೆಯಂಥ ಆಸರೆ, ಅದರ ಮೇಲೆ ತಕ್ಕಡಿಯಂತೆ ತೂಗುವ ತುಂಡು. ಒಂದು ಕಡೆ ತಗ್ಗಿದರೆ ಎದುರು ಕಡೆ ಏಳಲೇಬೇಕು. ಹೆಬ್ಬೆರಳು ನೋಡದೆಯೇ ದಿಕ್ಕು ತಿಳಿಯುವುದು ಇದರಿಂದ. ನನ್ನ 650ರ ಸಾಮಾನಿನಲ್ಲಿ ಸಡಿಲವಾಗಿದ್ದುದು ಆ ತೂಗಾಟವೇ.

ಫೋನನ್ನು ನಡುವೆ ಇಟ್ಟು ಎರಡು ಕಡೆಯಿಂದ ಹಿಗ್ಗಿಸಿ ಹಿಡಿಯುವ ಜಾತಿಯೊಂದಿದೆ. ಬ್ಯಾಕ್‌ಬೋನ್ ಎಂಬುದು 2020ರಲ್ಲಿ ಅಮೆರಿಕದಲ್ಲಿ ಸುಮಾರು 100 ಡಾಲರಿಗೆ ಬಂತು. ಅದರ ಮಾತು ಬೇಡ. ಗೇಮ್‌ಸರ್ ಮುಂತಾದವರದು ಅದಕ್ಕಿಂತ ಅಗ್ಗ. ಈ ಜಾತಿಯಲ್ಲಿ ಫೋನಿನ ಚಾರ್ಜಿನ ತೂತಿಗೇ ಸಿಕ್ಕಿಸುವಂಥವು ಲೇಸು: ಬೇರೆ ಬ್ಯಾಟರಿ ಬೇಡ, ಒತ್ತಿದ್ದು ತಡವಿಲ್ಲದೆ ಮುಟ್ಟುತ್ತದೆ. ಈ ಆಟಗಳಲ್ಲಿ ಸೆಕೆಂಡಿಗೆ 60 ಚಿತ್ರ ಓಡುತ್ತವೆ. ಒಂದೊಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡು. ನಾಲ್ಕೈದು ಚಿತ್ರದಷ್ಟು ತಡವಾದರೂ ಕೈಗೆ ತಿಳಿಯುತ್ತದೆ. ಫೋನಿನ ಚಿತ್ರವನ್ನು ನಿಸ್ತಂತುವಾಗಿ ಟಿವಿಗೆ ಕಳಿಸಿ ನೋಡಿದೆವು. ನಾನು ಒತ್ತಿದ ಮೇಲೆ ಮಾರಿಯೋ ಯೋಚನೆ ಮಾಡಿ ಜಿಗಿಯುತ್ತಿದ್ದ. ಅದನ್ನು ಕೈಬಿಟ್ಟೆವು.

ಹಿಗ್ಗುವ ಜಾತಿಯನ್ನೇ ಕೊಳ್ಳುತ್ತಿದ್ದೆನೇನೋ, ಆದರೆ ಅಡ್ಡ ಬಂದದ್ದು ಚಾಳೀಸು. ಕೈಯಲ್ಲಿ ಹಿಡಿದ ಫೋನು ಕಣ್ಣಿಗೆ ಬಹಳ ಹತ್ತಿರ. ವೈರಿಯ ಗುಂಡು ಯಾವುದು, ಗಾಜಿನ ಮೇಲಿನ ಧೂಳು ಯಾವುದು ತಿಳಿಯದು. ಫೋನು ಒಂದು ಮಾರು ದೂರದಲ್ಲಿ ನಿಂತಿರಬೇಕು, ಗುಂಡಿಗಳು ಮಡಿಲಲ್ಲಿರಬೇಕು. ಅಂದರೆ ಬ್ಲೂಟೂತಿನ ಬಿಡಿ ಕಂಟ್ರೋಲರೇ ಸರಿ. ಅದಕ್ಕೊಂದು ಚೂರು ತಡವಿದ್ದೀತು, ನನ್ನ ಬೆರಳಿನ ತಡ ಅದಕ್ಕಿಂತ ಹೆಚ್ಚು. ಚೀನದ 8ಬಿಟ್‌ಡೂ ಕಂಪನಿಯ ಝೀರೊ 2 ಎಂಬುದು ಕೀಲಿಗೊಂಚಲಿಗೆ ಕಟ್ಟುವಷ್ಟು ಚಿಕ್ಕದು, ಕೋಲೇ ಇಲ್ಲ, ನನಗೆ ತಕ್ಕುದು ಎಂದುಕೊಂಡೆ. ಆದರೆ ರೊಟ್ಟಿ ಬಡಿದ ಕೈಗೆ ಅದು ತೀರ ಪುಟ್ಟದು. ಇವೊಫಾಕ್ಸ್ ಎಂಬ ಹೆಸರಿನಲ್ಲಿ ಮಾರುವವರು ನಮ್ಮ ದೇಶದ ಆಮ್‌ಕೆಟ್. ನಾವು ಕಾಲೇಜಿನಲ್ಲಿ ಕೊಳ್ಳುತ್ತಿದ್ದ ಫ್ಲಾಪಿಗಳ ಮೇಲಿದ್ದ ಅದೇ ಹೆಸರು. ನೋಡಿ ಹಳೆಯ ನೆಂಟರು ಸಿಕ್ಕಂತಾಯಿತು. ಮಗ ಇನ್ನೊಂದು ಎಚ್ಚರಿಕೆ ಕೊಟ್ಟ: ಅಗ್ಗದ ಕೆಲವು ಸಾಮಾನುಗಳು ನಿಜವಾದ ಕಂಟ್ರೋಲರೆಂದು ಫೋನಿಗೆ ಹೇಳಿಕೊಳ್ಳುವುದೇ ಇಲ್ಲ, ಪರದೆಯನ್ನು ಬೆರಳು ಮುಟ್ಟಿದಂತೆ ನಟಿಸುತ್ತವೆ. ಅಂಥವು ನಮ್ಮ ಕೆಲಸಕ್ಕೆ ಬಾರವು. ಕೊಳ್ಳುವ ಮುಂಚೆ ಫೋನಿಗೆ ಜೋಡಿಸಿ ಪ್ರತಿಯೊಂದು ಗುಂಡಿಯನ್ನೂ ಒತ್ತಿ ನೋಡಬೇಕು.

ಮತ್ತೆ ಅದೇ ಗಲ್ಲಿ, ಅದೇ ಅಂಗಡಿ. ಈ ಸಲ ಆತ ಕೇಳುವ ಮೊದಲೇ "ಮಾಝ್ಯಾಸಾಠೀ" ಎಂದೆ, ನನಗಾಗಿ ಎಂದು. ಹುಡುಗರು ಅಂದೂ ಇದ್ದರು, ಇದ್ದರೆ ಇರಲಿ. ಯಾವ ಆಟ ಎಂದು ಕೇಳಿದ. ಕಾಂಟ್ರಾ ಎಂದೆ. ಆತನ ಮುಖ ಅರಳಿತು. ಏಣಿ ಹತ್ತಿ ಮೇಲಿನಿಂದ ಮೂರು ಡಬ್ಬಿ ಇಳಿಸಿ, ಮೂರನ್ನೂ ಬಿಚ್ಚಿ, "ಹೆಬ್ಬೆರಳನ್ನು ಎತ್ತದೆ ಎಡ ಬಲ ಹೊರಳಿಸಿ ನೋಡಿ ತಾಯಿ" ಎಂದು ಮರಾಠಿಯಲ್ಲಿ ಹೇಳಿದ. ಎರಡನೆಯದು ಕೈಗೆ ಒಪ್ಪಿತು. 1,750 ರೂಪಾಯಿ. ಅಣ್ಣನ ಕಾಣಿಕೆಯಲ್ಲಿ ಉಳಿದ ನೂರಕ್ಕೆ ಬಾಕರವಡಿ ಕಟ್ಟಿಸಿಕೊಂಡು ಬಂದೆ.

ಫೋನು ನಿಲ್ಲಿಸಲು ಏನು ಮಾಡುವುದೆಂಬ ಪ್ರಶ್ನೆಯನ್ನು ಬಿಡಿಸಿದವರು ಅತ್ತೆಯವರು. ಪಾರಾಯಣದ ವ್ಯಾಸಪೀಠವನ್ನು ತಂದು ಮುಂದಿಟ್ಟರು. "ಸಂಜಿ ದೀಪ ಹಚ್ಚೂದ್ರಾಗ ತಿರುಗಿ ಕೊಡಬೇಕು" ಎಂಬ ಕರಾರಿನ ಮೇಲೆ.

ಭಾವುಬೀಜದ ದಿನ ಅಣ್ಣ ಬಂದ. ಕೂದಲು ಪೂರ್ತಿ ನರೆತಿತ್ತು. ಆರತಿಯಾಯಿತು, ಊಟವಾಯಿತು, ಊಟದ ಮೇಲೆ ಇಬ್ಬರಿಗೂ ಮಾತು ಮುಗಿಯಿತು. ನಾನು ವ್ಯಾಸಪೀಠದ ಮೇಲೆ ಫೋನಿಟ್ಟು, 650ರದನ್ನು ಅವನ ಕೈಗೆ ಕೊಟ್ಟೆ.

"ಒಂದ್ನೇದು ನಂದು" ಎಂದೆ.

"ಯಾವುದಾದ್ರೇನು? ಎರಡೂ ಒಂದ ಅಲ್ಲ?"

"ಈಗ ಒಂದ. ಆಗ ನಂದಕ್ಕ ಸ್ಟಾರ್ಟ್ ಗುಂಡಿ ಇದ್ದಿಲ್ಲ."

ಅವನು ಕೈಯಲ್ಲಿದ್ದುದನ್ನು ತಿರುವಿ ತಿರುವಿ ನೋಡಿದ. "ಖರೇನs? ನಂಗ ಗೊತ್ತs ಇದ್ದಿಲ್ಲಲ್ಲ" ಎಂದ. 32 ವರ್ಷವಾಗಿತ್ತು. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನ ಕೈಯಲ್ಲಿ ಅದು ಯಾವಾಗಲೂ ಇತ್ತು. ಸ್ವಲ್ಪ ಹೊತ್ತು ಬಿಟ್ಟು, "ಮನಿ ಮಾರೂ ಮುಂದ ನಿನ್ನ ಒಂದು ಮಾತು ಕೇಳಬೇಕಿತ್ತು" ಎಂದ, ಪರದೆಯನ್ನೇ ನೋಡುತ್ತ. ನಾನು "ಹೂಂ" ಎಂದು ಸ್ಟಾರ್ಟ್ ಒತ್ತಿದೆ.

ಮೊದಲೆರಡು ಹಂತ ಹೇಗೋ ದಾಟಿದೆವು. ಅವನ ಸಿಪಾಯಿ ನೆಲಕ್ಕೇ ಗುಂಡು ಹಾರಿಸುತ್ತಿದ್ದ. "ಇದೇನೋ ಕೆಟ್ಟದ" ಎಂದು ಎರಡು ಸಲ ಹೇಳಿದ, ನಾನು ಕೇಳಿಸಿಕೊಳ್ಳಲಿಲ್ಲ. ಜಲಪಾತ ಬಂತು. ನಾನು ಮೇಲೇರಿದೆ, ಅವನು ಒಂದು ಕಲ್ಲು ಕೆಳಗಿದ್ದ. ಅಷ್ಟರಲ್ಲಿ ದೇವರ ಮನೆಯಿಂದ ಅತ್ತೆಯವರು ಕೂಗಿದರು:

"ದೀಪದ ಹೊತ್ತಾತು. ನನ್ನ ವ್ಯಾಸಪೀಠ ತರ್ರಿ."

"ಬಂದೆ ಅತ್ತಿ, ನಿಲ್ಲಿಸೀನಿ" ಎಂದೆ. ಅಣ್ಣನ ಸಿಪಾಯಿ ಪರದೆಯ ಕೆಳ ಅಂಚಿನಲ್ಲಿ, ಜಿಗಿದು ಗಾಳಿಯಲ್ಲಿ ಲಾಗ ಹಾಕುತ್ತಿದ್ದವನು, ಹಾಗೆಯೇ ನಿಂತಿದ್ದ.