ಓಡುವುದಕ್ಕೆಂದೇ ಊರು ಬಿಟ್ಟು ಹೋದಾಗ

ತೀರ್ಥಯಾತ್ರೆಗೆ ಹೋಗುತ್ತೇವೆ, ಮದುವೆ ಮುಂಜಿಗೆ ಹೋಗುತ್ತೇವೆ, ಮಗಳ ಬಾಣಂತನಕ್ಕೆ ಹೋಗುತ್ತೇವೆ. ಆದರೆ ಓಡುವುದಕ್ಕೆಂದು ಯಾರಾದರೂ ಗಂಟುಮೂಟೆ ಕಟ್ಟಿ ಪರಊರಿಗೆ ಹೋಗುತ್ತಾರೆಯೇ? ಸೋದರಿಯರೇ, ನೀವು ಮೂಗಿನ ಮೇಲೆ ಬೆರಳಿಟ್ಟರೆ ತಪ್ಪೇನೂ ಇಲ್ಲ. ಹಾಗೆ ಹೋಗುವವರು ಪ್ರಪಂಚದ ತುಂಬ ಇದ್ದಾರೆ. ಅಮೆರಿಕದ ಫ್ಲಾರಿಡಾದಲ್ಲಿ ಮಕ್ಕಳ ಸ್ವರ್ಗದಂತಿರುವ ಡಿಸ್ನಿ ವರ್ಲ್ಡ್ ಇದೆಯಲ್ಲ, ಅಲ್ಲಿ 1994ರಿಂದ ಪ್ರತಿ ಜನವರಿಯಲ್ಲಿ ಮ್ಯಾರಥಾನ್ ಓಟ ನಡೆಯುತ್ತದೆ. ಬೆಳಗಿನ ಜಾವ ಐದಕ್ಕೆ ಶುರು. ನಾಲ್ಕು ಉದ್ಯಾನಗಳ ಒಳಗೇ ಹಾದು ಹೋಗುವ ದಾರಿ. ಜನ ರಾಜಕುಮಾರಿ, ಇಲಿ, ಬಾತುಕೋಳಿ ಅಂತೆಲ್ಲ ವೇಷ ಹಾಕಿಕೊಂಡು ಓಡುತ್ತಾರೆ. ನಾಲ್ಕು ದಿನ ಬೆನ್ನುಬೆನ್ನಿಗೆ ಓಡಿ ಒಟ್ಟು 78 ಕಿಲೋಮೀಟರ್ ಮುಗಿಸುವ ಪಂದ್ಯವೂ 2014ರಿಂದ ಇದೆ! ಇದಕ್ಕಾಗಿ ವಿಮಾನ, ಹೋಟೆಲು, ಬಸ್ಸು ಎಲ್ಲ ತಿಂಗಳುಗಟ್ಟಲೆ ಮುಂಚೆ ಗೊತ್ತು ಮಾಡಿಕೊಳ್ಳುತ್ತಾರಂತೆ.

ನಮ್ಮ ಕೈಗೆಟುಕುವ ಫ್ಲಾರಿಡಾ ಬೆಂಗಳೂರು. ಅಲ್ಲಿ ಹತ್ತು ಕಿಲೋಮೀಟರ್ ಓಟ ಇದೆ, ಬರುವ ದಾರಿಯಲ್ಲೇ ಬಿಡದಿಯ ವಂಡರ್‌ಲಾ ಇದೆ. 2025ರ ಏಪ್ರಿಲ್‌ನಲ್ಲಿ ನಮ್ಮ ಮನೆಯ ಮೂವರು ಹೆಂಗಸರು ಈ ಎರಡನ್ನೂ ಸೇರಿಸಿ ಮೂರು ದಿನದ ಪ್ರಯಾಣ ಮಾಡಿಕೊಂಡು ಬಂದೆವು. ಮನೆಯ ಗಂಡಸರಿಲ್ಲದೆ, ನಮ್ಮ ಲೆಕ್ಕದಲ್ಲಿ. ಅದನ್ನು ಹೇಗೆ ಹೊಂದಿಸಿಕೊಂಡೆವು ಅನ್ನುವುದನ್ನು ನಿಮಗೂ ಹೇಳೋಣ ಅಂತ ಈ ಬರಹ.

ನಮ್ಮದು ಹಿನಕಲ್. ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದು ಬಂದರೆ ರಿಂಗ್ ರೋಡು ಅಡ್ಡ ಬರುವ ಕಡೆ ಫ್ಲೈಓವರ್ ಕಾಣುತ್ತದಲ್ಲ, ಅದೇ. ನಾನು ಸೊಸೆಯಾಗಿ ಬಂದಾಗ ಇದು ಹಳ್ಳಿ. ಹಿಟ್ಟಿನ ಗಿರಣಿ, ನನ್ನೇಶ್ವರನ ಹಳೇ ದೇವಸ್ಥಾನ, ಸಂಜೆಯಾದರೆ ಹಿಂಡು ದನ. ಈಗ ಸುತ್ತಲೂ ವಿಜಯನಗರದ ಬಡಾವಣೆಗಳು ಬಂದು, ಎಲ್ಲಿ ಹಳ್ಳಿ ಮುಗಿಯಿತು ಎಲ್ಲಿ ಮೈಸೂರು ಶುರುವಾಯಿತು ಅಂತ ಹೇಳುವುದಕ್ಕಾಗುವುದಿಲ್ಲ. ಆದರೂ ಒಳಗಿನ ಬೀದಿಯಲ್ಲಿ ಬೆಳಿಗ್ಗೆ ಐದೂವರೆಗೆ ಹೆಂಗಸೊಬ್ಬಳು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಹೊರಟರೆ ನಾಲ್ಕು ಬಾಗಿಲು ತೆರೆಯುವುದು ತಪ್ಪುವುದಿಲ್ಲ.

ಆ ಬಾಗಿಲುಗಳಿಗೆ ಹೆದರಿ ಕೂತಿದ್ದವರು ನಮ್ಮ ಅಕ್ಕ. ಅಂದರೆ ನನ್ನ ಓರಗಿತ್ತಿ, ಭಾವನವರ ಹೆಂಡತಿ. ಭಾವನವರು ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಕ ಅಡಿಗೆಮನೆ, ದೇವರಮನೆ, ಹಿತ್ತಿಲು, ಇಷ್ಟೇ ಮಾಡಿಕೊಂಡಿದ್ದರು. ಮದುವೆ ಮನೆಗೆ ಕರೆದರೂ "ನನ್ನನ್ನ ಬಿಡ್ರಮ್ಮ" ಅನ್ನುವರು. ಸಕ್ಕರೆ ಕಾಯಿಲೆ ಏರಿತು. ಡಾಕ್ಟರು ದಿನಾ ನಡೆಯಲೇಬೇಕು ಎಂದರು. ಬಿ.ಕಾಂ. ಓದುವ ನನ್ನ ಮಗಳು ದೊಡ್ಡಮ್ಮನ ಕೈ ಹಿಡಿದುಕೊಂಡು ಕುಕ್ಕರಹಳ್ಳಿ ಕೆರೆ ಏರಿಗೆ ಕರೆದುಕೊಂಡು ಹೋದಳು. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಎಲ್ಲರೂ ತಮ್ಮ ತಮ್ಮ ಬೊಜ್ಜಿನ ಚಿಂತೆಯಲ್ಲಿರುತ್ತಾರೆ! ನಡಿಗೆ ಬೀಸುನಡಿಗೆ ಆಯಿತು, ಆಮೇಲೆ ನಾಲ್ಕು ಹೆಜ್ಜೆ ಓಟ. ಆರು ತಿಂಗಳಲ್ಲಿ ನಾವು ಮೂವರೂ ಓಡುತ್ತ, ನಡೆಯುತ್ತ ಎಂಟು ಕಿಲೋಮೀಟರ್ ಮುಗಿಸುವ ಮಟ್ಟಕ್ಕೆ ಬಂದೆವು.

ಆಗ ಮಗಳು ಬೆಂಗಳೂರಿನ ಓಟದ ಸುದ್ದಿ ತಂದಳು. 2008ರಲ್ಲಿ ಸನ್‌ಫೀಸ್ಟ್ ಹೆಸರಿನಲ್ಲಿ ಶುರುವಾಗಿ ಆಮೇಲೆ ಟಿ.ಸಿ.ಎಸ್. ವರ್ಲ್ಡ್ 10ಕೆ ಎಂದಾದ ಓಟ ಇದು. ಮೊದಲೆಲ್ಲ ಮೇ ತಿಂಗಳಲ್ಲಿ ನಡೆಯುತ್ತಿತ್ತು, 2024 ಮತ್ತು 2025ರಲ್ಲಿ ಏಪ್ರಿಲ್ ಕೊನೆಯ ಭಾನುವಾರ ನಡೆಯಿತು. ಪ್ರಪಂಚದ ಘಟಾನುಘಟಿ ಓಟಗಾರರಿಗೆ ಒಂದು ಹೊತ್ತು, ನಮ್ಮಂಥ ಸಾವಿರಾರು ಜನಕ್ಕೆ ಇನ್ನೊಂದು ಹೊತ್ತು. ಹತ್ತು ಕಿಲೋಮೀಟರ್ ಆಗದವರಿಗೆ 'ಮಜಾ ರನ್' ಅಂತ ಗಿಡ್ಡ ಓಟ, ಹಿರಿಯ ನಾಗರಿಕರಿಗೆ ಬೇರೆ ಓಟ.

ಮನೆಯಲ್ಲಿ ಮಾತು ತೆಗೆದಾಗ ನಮ್ಮ ಅತ್ತೆ ಕೇಳಿದ್ದು ಒಂದೇ: "ಮೂರು ದಿನ ಸಾರು ಯಾರು ಮಾಡ್ತಾರೆ?" ನಮ್ಮ ಯಜಮಾನರು ಪೇಪರಿನ ಹಿಂದೆ ಸೇರಿಕೊಂಡರು. ನೆಂಟರ ಪೈಕಿ ಒಬ್ಬರು, "ಗಂಡ ಸತ್ತವಳು ರಸ್ತೇಲಿ ಓಡೋದಾ?" ಅಂದದ್ದು ಅಕ್ಕನ ಕಿವಿಗೂ ಬಿತ್ತು. ಅವತ್ತೇ "ನಾನು ಬರಲ್ಲ, ನೀವಿಬ್ಬರೂ ಹೋಗಿ" ಎಂದುಬಿಟ್ಟರು. ನಾನು ವಾದ ಮಾಡಲಿಲ್ಲ. ಮೂವರ ಹೆಸರನ್ನೂ ಬರೆಸಿ ದುಡ್ಡು ಕಟ್ಟಿಬಿಟ್ಟೆವು. ಕಟ್ಟಿದ ಪ್ರವೇಶ ಶುಲ್ಕ ವಾಪಸು ಬರುವುದಿಲ್ಲ. ದುಡ್ಡು ವ್ಯರ್ಥವಾಗುತ್ತದೆ ಅಂದರೆ ನಮ್ಮ ಅಕ್ಕ ಸುಮ್ಮನಿರುವ ಹೆಂಗಸಲ್ಲ, ಅದು ನನಗೆ ಗೊತ್ತಿತ್ತು!

ಇನ್ನು ಪ್ರಯಾಣದ ವಿಚಾರ. ಭಾನುವಾರ ಬೆಳಗಿನ ಜಾವದ ಓಟಕ್ಕೆ ಅದೇ ದಿನ ಮೈಸೂರಿನಿಂದ ಹೋಗುವುದು ಆಗದ ಮಾತು. ಅಲ್ಲದೆ ಎದೆಗೆ ಸಿಕ್ಕಿಸಿಕೊಳ್ಳುವ ನಂಬರಿನ ಚೀಟಿಯನ್ನು ಹಿಂದಿನ ದಿನಗಳಲ್ಲೇ ಹೋಗಿ ತೆಗೆದುಕೊಳ್ಳಬೇಕು, ಓಟದ ದಿನ ಕೊಡುವುದಿಲ್ಲ. ಆದ್ದರಿಂದ ಶನಿವಾರ ಬೆಳಿಗ್ಗೆಯೇ ಹೊರಡಬೇಕು, ಒಂದು ರಾತ್ರಿಯಾದರೂ ತಂಗಬೇಕು. ಹಿನಕಲ್‌ನಿಂದ ಮೈಸೂರು ಸ್ಟೇಷನ್ ಆರೇಳು ಕಿಲೋಮೀಟರ್. ಸರ್ಕಾರಿ ಬಸ್ಸಿನಲ್ಲಿ ಹೋದರೆ 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬೆಂಗಳೂರಿನವರೆಗೂ ಸೊನ್ನೆ ಟಿಕೆಟ್ಟು. ಆಧಾರ್ ಕಾರ್ಡಿನಲ್ಲಿ ಕರ್ನಾಟಕದ ವಿಳಾಸ ಇರಬೇಕು. ರಾಜಹಂಸ, ಏ.ಸಿ. ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಆದರೂ ಹೋಗುವಾಗ ನಾವು ರೈಲನ್ನೇ ಹಿಡಿದೆವು. ಕಾರಣ ಸಣ್ಣದು, ನಮಗೆ ಮಾತ್ರ ದೊಡ್ಡದು: ಅಕ್ಕನ ವಯಸ್ಸಿಗೆ, ಸಕ್ಕರೆ ಕಾಯಿಲೆಗೆ, ಗಾಡಿಯಲ್ಲಿ ಪಾಯಿಖಾನೆ ಇರಬೇಕು. ಮಾರ್ಗ 140 ಕಿಲೋಮೀಟರಿಗೆ ಒಂದೆರಡು ಕಡಿಮೆ, ಎಕ್ಸ್‌ಪ್ರೆಸ್ ಗಾಡಿಯಲ್ಲಿ ಎರಡೂವರೆ ಗಂಟೆ ಸುಮಾರು. ಮುಂಗಡ ಟಿಕೆಟ್ಟು ಬೇಕಾದರೆ ಈಗ 60 ದಿನ ಮುಂಚಿನಿಂದ ಮಾತ್ರ ಕೊಡುತ್ತಾರೆ, ಮೊದಲಿನ 120 ದಿನ ಇಲ್ಲ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಗುರುತು ಹಾಕಿಕೊಳ್ಳಿ.

ತಂಗುವ ಜಾಗದ್ದೇ ದೊಡ್ಡ ತಲೆನೋವು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಿ ನೆಂಟರಿಲ್ಲವೇ ಎಂದರೆ ಧಾರಾಳವಾಗಿದ್ದಾರೆ. ಆದರೆ ನೆಂಟರ ಮನೆಗೆ ಹೋದರೆ ರಾತ್ರಿ ಹತ್ತರವರೆಗೆ ಮಾತು, ಒಬ್ಬಟ್ಟಿನ ಊಟ, ಬೆಳಗಿನ ಜಾವ ಮೂರೂವರೆಗೆ ನಾವೆದ್ದು ಅವರ ನಿದ್ದೆ ಕೆಡಿಸುವುದು. ಜೊತೆಗೆ ಅಕ್ಕನನ್ನು ಕಂಡ ಕೂಡಲೇ ಭಾವನವರ ಮಾತೆತ್ತಿ ಕಣ್ಣೀರು. ಬೇಡ ಅನ್ನಿಸಿತು. ಓಟ ನಡೆಯುವ ಮಾಣಿಕ್ ಶಾ ಪೆರೇಡ್ ಮೈದಾನದ ಹತ್ತಿರ, ಎಂ.ಜಿ. ರಸ್ತೆ ಕಡೆ, ಹೋಟೆಲುಗಳು ನಮ್ಮ ಪರ್ಸಿಗೆ ಎಟುಕುವಂಥವಲ್ಲ. ಕೊನೆಗೆ ಮೆಜೆಸ್ಟಿಕ್ ಬಳಿಯ ಗಾಂಧಿನಗರದ ಲಾಡ್ಜುಗಳನ್ನೇ ವಿಚಾರಿಸಿದೆವು. ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ನಾಲ್ಕನೆಯ ನಿಲ್ದಾಣವೇ ಎಂ.ಜಿ. ರಸ್ತೆ.

ಒಂದು ಲಾಡ್ಜಿಗೆ ಫೋನು ಮಾಡಿದರೆ, "ಜೊತೇಲಿ ಜೆಂಟ್ಸ್ ಯಾರೂ ಇಲ್ವಾ ಮೇಡಂ?" ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ ರೂಮಿಲ್ಲ" ಅಂತ ಫೋನು ಇಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಗಳು ಮುಂದಿನ ನಂಬರು ತಿರುಗಿಸಿದಳು. ಮೂರನೆಯ ಕಡೆ ಒಬ್ಬ ಹಿರಿಯರು ಮರ್ಯಾದೆಯಿಂದ ಮಾತಾಡಿ, ಮೂರು ಹಾಸಿಗೆಯ ಕೋಣೆ ಎರಡು ರಾತ್ರಿಗೆ ಕೊಟ್ಟರು. ನೀವು ಗೊತ್ತು ಮಾಡುವಾಗ ಬಾಡಿಗೆಯೊಂದನ್ನೇ ಕೇಳಬೇಡಿ. ಬಿಸಿನೀರು ಎಷ್ಟು ಗಂಟೆಗೆ ಬಿಡುತ್ತಾರೆ ಕೇಳಿ. ಆರು ಗಂಟೆಗೆ ಎಂದರೆ ಅಷ್ಟು ಹೊತ್ತಿಗೆ ನಾವು ರಸ್ತೆಯಲ್ಲಿರುತ್ತೇವೆ, ಹಿಂದಿನ ರಾತ್ರಿಯೇ ಸ್ನಾನ ಮುಗಿಸಬೇಕು. ಬೆಳಗಿನ ಜಾವ ಕೆಳಗಿನ ಬಾಗಿಲು ಯಾರು ತೆಗೆಯುತ್ತಾರೆ ಕೇಳಿ. ಕೋಣೆಯ ಲೆಕ್ಕ 24 ಗಂಟೆಯದೋ, ಮಧ್ಯಾಹ್ನ 12ಕ್ಕೆ ಖಾಲಿ ಮಾಡುವುದೋ ಕೇಳಿ. ಓಡಿ ಸುಸ್ತಾಗಿ ಬಂದು ಮೆಟ್ಟಿಲು ಹತ್ತುವುದು ಕಷ್ಟ, ಆದ್ದರಿಂದ ಲಿಫ್ಟ್ ಇದೆಯೇ, ಇಲ್ಲದಿದ್ದರೆ ಕೆಳಗಿನ ಕೋಣೆ ಸಿಗುತ್ತದೆಯೇ ಎಂದೂ ಕೇಳಿ. ಪ್ರತಿಯೊಬ್ಬರ ಆಧಾರ್ ಕಾರ್ಡೂ ಬೇಕು.

ಮನೆಗೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದಿಟ್ಟ ರವೆ ಮಾಡಿಟ್ಟು ಹೊರಟೆವು. ಯಜಮಾನರಿಗೆ ಅನ್ನ ಮಾಡಲು ಬರುತ್ತದೆ, ಇಪ್ಪತ್ತು ವರ್ಷದಿಂದ ಬರುವುದಿಲ್ಲ ಅಂತ ನಟಿಸುತ್ತಿದ್ದಾರೆ ಅಷ್ಟೇ. ಶನಿವಾರ ಚಪ್ಪಲಿ ಮೆಟ್ಟುವ ಹೊತ್ತಿಗೆ ಅತ್ತೆ ಬಂದು ಅಕ್ಕನ ಕೈಗೆ ಐನೂರರ ನೋಟು ತುರುಕಿದರು. "ಬಾಳೆಹಣ್ಣು ತಗೋ. ಬರೀ ಹೊಟ್ಟೇಲಿ ಓಡಬೇಡ" ಅಂದರು. ಅಕ್ಕ ಏನೂ ಹೇಳದೆ ಆ ನೋಟನ್ನು ಮಾಂಗಲ್ಯದ ಡಬ್ಬಿ ಇಟ್ಟುಕೊಳ್ಳುತ್ತಿದ್ದ ಹಳೇ ಪರ್ಸಿನಲ್ಲಿ ಇಟ್ಟುಕೊಂಡರು.

ಶನಿವಾರ ನಂಬರು ತರುವಷ್ಟರಲ್ಲೇ ಮಧ್ಯಾಹ್ನವಾಯಿತು. ಆಮೇಲೆ ಊರು ಸುತ್ತಲಿಲ್ಲ. ಚಿಕ್ಕಪೇಟೆ ಕೈಬೀಸಿ ಕರೆದರೂ ಹೋಗಲಿಲ್ಲ. ರಾತ್ರಿ ಮೊಸರನ್ನ. ಹೊಸ ಊರಿನ ಮಸಾಲೆ ತಿಂಡಿಗಳನ್ನು ಓಟದ ಮುಂಚಿನ ದಿನ ಮುಟ್ಟಲೇಬೇಡಿ, ಹೊಸ ಷೂಗಳನ್ನೂ ಅಷ್ಟೆ. ಬೆಳಿಗ್ಗೆಗೆಂದು ಮನೆಯಿಂದ ಅವಲಕ್ಕಿ ತಂದಿದ್ದೆವು. ಸಕ್ಕರೆ ಕಾಯಿಲೆಯವರು ಓಟದ ವಿಚಾರವನ್ನು ಮೊದಲೇ ತಮ್ಮ ಡಾಕ್ಟರಿಗೆ ಹೇಳಿ, ಮಾತ್ರೆ, ತಿಂಡಿಯ ಹೊತ್ತು ಕೇಳಿಕೊಂಡು, ಜೇಬಿನಲ್ಲಿ ಗ್ಲುಕೋಸ್ ಇಟ್ಟುಕೊಂಡೇ ಓಡಬೇಕು. ಅಕ್ಕನ ಜೇಬಿನಲ್ಲೂ ನನ್ನ ಜೇಬಿನಲ್ಲೂ ಇತ್ತು.

ಭಾನುವಾರ ಸಾಮಾನ್ಯವಾಗಿ ಮೆಟ್ರೋ ಏಳಕ್ಕೆ ಶುರು. ಓಟದ ದಿನ ಮಾತ್ರ ಬೆಳಗಿನ ಜಾವವೇ ಬಿಟ್ಟಿದ್ದರು. ಇದನ್ನು ಆಯಾ ವರ್ಷದ ಪತ್ರಿಕೆಯಲ್ಲಿ ನೋಡಿಕೊಂಡೇ ನಂಬಿ. ಡಬ್ಬಿಯ ತುಂಬ ನಂಬರು ಸಿಕ್ಕಿಸಿಕೊಂಡ ಜನ. ಅಜ್ಜ, ಅಜ್ಜಿ, ಕಾಲೇಜಿನ ಹುಡುಗರು, ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದವರು. ಅಕ್ಕ ಸುತ್ತ ನೋಡಿ ತಮ್ಮ ಮೇಲೆ ಹೊದ್ದಿದ್ದ ಶಾಲು ತೆಗೆದು ಮಡಚಿ ಚೀಲಕ್ಕೆ ಹಾಕಿದರು.

ಓಟದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮೊದಲ ನಾಲ್ಕು ಕಿಲೋಮೀಟರ್ ಗಾಳಿಯಂತೆ ಹೋಯಿತು. ಆಮೇಲೆ ಬಿಸಿಲು ಬಂತು. ಏಳನೆಯದರಲ್ಲಿ ಅಕ್ಕ ರಸ್ತೆ ಪಕ್ಕ ನಿಂತರು. ಸುಸ್ತೇ ಅಂತ ಕೇಳಿದೆ. "ಅವರು ಇದ್ದಿದ್ದರೆ ನನ್ನನ್ನ ಕಳಿಸ್ತಾನೇ ಇರಲಿಲ್ಲ ಕಣೇ" ಅಂದರು. ಅಳುತ್ತಿದ್ದರೋ ಬೆವರೋ ತಿಳಿಯಲಿಲ್ಲ. ನಾನೂ ಏನೂ ಅನ್ನಲಿಲ್ಲ, ನೀರು ಕೊಟ್ಟೆ. ಒಂದು ನಿಮಿಷ ಬಿಟ್ಟು ಅವರೇ ಹೊರಟರು, ನನಗಿಂತ ಮುಂದೆ. ನಾವು ಮುಗಿಸಿದ್ದು ಒಂದು ಗಂಟೆ ನಲವತ್ತು ನಿಮಿಷಕ್ಕೆ. ಅದೇ ದಿನ ಹತ್ತು ಕಿಲೋಮೀಟರನ್ನು 28 ನಿಮಿಷದೊಳಗೆ ಮುಗಿಸಿ ಗೆದ್ದವರು ಉಗಾಂಡಾದ ಜೋಶುವಾ ಚೆಪ್ಟೆಗೆಯ್, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟದ ಚಿನ್ನ ಗೆದ್ದವರು. ಅಂಥವರು ಓಡಿದ ದಿನವೇ ನಾವೂ ಓಡಿದೆವು ಅನ್ನುವುದು ಕಡಿಮೆಯೇ? ಪದಕ ಅವರಿಗೂ ಉಂಟು, ಮುಗಿಸಿದ ನಮಗೂ ಉಂಟು.

ಭಾನುವಾರವೇ ವಂಡರ್‌ಲಾಕ್ಕೆ ಹೋಗೋಣ ಅಂತ ಮಗಳು ಹಟ ಮಾಡಿದಳು. ಬೇಡವೆಂದು ತಡೆದು ಒಳ್ಳೆಯದಾಯಿತು. ಮಧ್ಯಾಹ್ನದ ಹೊತ್ತಿಗೆ ಮೂವರಿಗೂ ಮಂಚದಿಂದ ಇಳಿಯುವುದೇ ಸಾಹಸವಾಗಿತ್ತು. ಸೋಮವಾರ ಕೋಣೆ ಬಿಟ್ಟು ಹೊರಟೆವು. 2005ರಲ್ಲಿ ತೆರೆದ ಈ ಉದ್ಯಾನ ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರ್, ಮೈಸೂರು ರಸ್ತೆಯಲ್ಲೇ. ನಮ್ಮ ಕಡೆಯವರಿಗೆ ಮನೆ ದಾರಿ. ತೆರೆಯುವುದು ಹನ್ನೊಂದಕ್ಕೆ, ಆದ್ದರಿಂದ ಆತುರವಿಲ್ಲ. ವಾರದ ದಿನಗಳಲ್ಲಿ ಟಿಕೆಟ್ಟು ಶನಿವಾರ ಭಾನುವಾರಕ್ಕಿಂತ ಕಡಿಮೆ. ಚೀಲ ಇಡಲು ಲಾಕರ್ ಇದೆ. ನೀರಿನ ಆಟಗಳಿಗೆ ಹತ್ತಿ ಬಟ್ಟೆ, ಸೀರೆ ನಡೆಯುವುದಿಲ್ಲ, ನೈಲಾನಿನಂಥ ಬಟ್ಟೆಯೇ ಆಗಬೇಕು. ಮನೆಯಿಂದಲೇ ತೆಗೆದುಕೊಂಡು ಹೋದರೆ ಅಲ್ಲಿ ಕೊಳ್ಳುವ ಖರ್ಚು ಉಳಿಯುತ್ತದೆ. ತಿಂಡಿಯ ಬೆಲೆ ನನಗಂತೂ ಸರಿ ಬರಲಿಲ್ಲ. ಬಿಡದಿಯಲ್ಲೇ ತಟ್ಟೆ ಇಡ್ಲಿ ಹೊಟ್ಟೆ ತುಂಬ ತಿಂದು ಒಳಗೆ ಹೋಗುವುದು ಜಾಣತನ. ನಿಜ ಹೇಳಬೇಕೆಂದರೆ, ತಲೆಕೆಳಗಾಗಿ ತಿರುಗಿಸುವ ಆ ಯಂತ್ರಗಳಲ್ಲಿ ಕೂರುವುದಕ್ಕಿಂತ ಹತ್ತು ಕಿಲೋಮೀಟರ್ ಇನ್ನೊಮ್ಮೆ ಓಡುವುದೇ ವಾಸಿ. ಮಗಳು ಎಲ್ಲದರಲ್ಲೂ ಕುಳಿತಳು. ಅಕ್ಕ ಎತ್ತರದ ತೊಟ್ಟಿಲಲ್ಲಿ ಕುಳಿತು ರಾಮನಗರದ ಬೆಟ್ಟಗಳು ಎಲ್ಲಿವೆ ಅಂತ ಹುಡುಕಿದರು.

ಸಂಜೆ ಬಿಡದಿ ಸ್ಟೇಷನ್ನಿನಿಂದ ಮೈಸೂರು ಗಾಡಿ ಹತ್ತಿದೆವು. ಎಲ್ಲ ಎಕ್ಸ್‌ಪ್ರೆಸ್ಸುಗಳೂ ಅಲ್ಲಿ ನಿಲ್ಲುವುದಿಲ್ಲ, ನಿಲ್ಲುವ ಗಾಡಿ ಯಾವುದೆಂದು ಹೋಗುವ ದಿನವೇ ಕೇಳಿಟ್ಟುಕೊಂಡಿದ್ದೆವು. ಮದ್ದೂರಿನಲ್ಲಿ ವಡೆ ಮಾರುವವನು ಬಂದಾಗ ಅಕ್ಕ ಹಳೇ ಪರ್ಸು ತೆಗೆದು, ಅತ್ತೆ ಕೊಟ್ಟ ಐನೂರರ ನೋಟನ್ನು ಬಿಚ್ಚಿ, "ಎಂಟು ಕಟ್ಟಪ್ಪಾ. ಎರಡು ಬೇರೆ ಕಾಗದದಲ್ಲಿ ಹಾಕು, ನಮ್ಮತ್ತೆಗೆ. ಮೆತ್ತಗಿರೋದು ನೋಡಿ ಕೊಡು, ಹಲ್ಲಿಲ್ಲ ಅವರಿಗೆ" ಅಂದರು.