ಜಪಾನಿನಲ್ಲಿ ಕ್ರೆಡಿಟ್ ಕಾರ್ಡ್ ಬೇಕಾ? ಮೊದಲು ಹೆಸರು ಸರಿ ಮಾಡ್ಕೊಳ್ಳಿ

ಟೋಕಿಯೋದ ನಿಶಿ ಕಸಾಯ್ ಸ್ಟೇಷನ್ ಸುತ್ತಮುತ್ತ ಓಡಾಡಿದರೆ ನಮ್ಮ ದೇಶದ ಮುಖಗಳು ಎದುರಾಗುತ್ತಲೇ ಇರುತ್ತವೆ. ತೊಗರಿಬೇಳೆ, ಮಸಾಲೆ ಮಾರುವ ಅಂಗಡಿಗಳೂ ಇವೆ. 2000ದ ಆಸುಪಾಸಿನಿಂದ ಐಟಿ ಕೆಲಸಕ್ಕೆ ಬಂದವರು ನೆಲೆಯಾದ ಜಾಗವಿದು. ಇಲ್ಲಿ ಹೊಸಬರನ್ನು ಕಾಡುವ ವಿಷಯಗಳಲ್ಲಿ ಒಂದು ಕ್ರೆಡಿಟ್ ಕಾರ್ಡ್.

ಬೆಂಗಳೂರಲ್ಲಿ ಬ್ಯಾಂಕಿನವರೇ ಫೋನ್ ಮಾಡಿ ಕಾರ್ಡ್ ತಗೊಳ್ಳಿ ಅಂತಾರೆ. ಜಪಾನಿನಲ್ಲಿ ಕೈತುಂಬ ಸಂಬಳವಿದ್ದರೂ ಅರ್ಜಿ ತಿರಸ್ಕಾರವಾಗಬಹುದು, ಕಾರಣವನ್ನೂ ಹೇಳುವುದಿಲ್ಲ. ನಿಮ್ಮ ಸಿಬಿಲ್ ಸ್ಕೋರ್ ಅಲ್ಲಿ ಲೆಕ್ಕಕ್ಕಿಲ್ಲ. ಅವರು ನೋಡುವುದು ನೀವು ಅಲ್ಲಿ ನೆಲೆ ನಿಲ್ಲುವವರಾ ಅನ್ನೋದನ್ನ.

ಮೊದಲ ತೊಡಕು ಹೆಸರು. ರೆಸಿಡೆನ್ಸ್ ಕಾರ್ಡಿನಲ್ಲಿ ಹೆಸರು ಪಾಸ್‌ಪೋರ್ಟಿನಂತೆ ಇಂಗ್ಲಿಷ್ ಅಕ್ಷರದಲ್ಲಿರುತ್ತೆ. ಬ್ಯಾಂಕ್ ಖಾತೆಯಲ್ಲಿ ಅದೇ ಹೆಸರು ಕಟಕಾನಾ ಲಿಪಿಗೆ ಬರುತ್ತೆ. ಅಲ್ಲಿ ವೆಂಕಟೇಶ 'ಬೆಂಕಟೇಶು' ಆಗ್ತಾನೆ, ಬರೆಯೋ ರೀತಿಯೂ ಒಂದೇ ಅಲ್ಲ. ಅಪ್ಪನ ಹೆಸರು ಮೊದಲೋ ಕೊನೆಗೋ ಅನ್ನೋ ನಮ್ಮ ಗೊಂದಲ ಬೇರೆ. ಕಾರ್ಡ್ ಬಿಲ್ ನೇರ ಖಾತೆಯಿಂದಲೇ ಕಡಿತವಾಗೋದರಿಂದ ಅರ್ಜಿಯ ಹೆಸರೂ ಖಾತೆಯ ಹೆಸರೂ ಅಕ್ಷರಶಃ ಹೊಂದಬೇಕು. ಪಾಸ್‌ಬುಕ್ ನೋಡಿಕೊಂಡೇ ತುಂಬಿಸಿ.

ಎರಡನೆಯದು ವಿಳಾಸ. ಮನೆ ಸಿಕ್ಕ 14 ದಿನದೊಳಗೆ ವಾರ್ಡ್ ಕಚೇರಿಯಲ್ಲಿ ನೋಂದಾಯಿಸಬೇಕು. ಮನೆ ಬದಲಿಸಿದರೆ ಮತ್ತೆ ಅದೇ ಕೆಲಸ.

ಮೂರನೆಯದು ಕಾಲ. ವೀಸಾ ಅವಧಿ ಇನ್ನೆಷ್ಟಿದೆ, ಕೆಲಸಕ್ಕೆ ಸೇರಿ ಎಷ್ಟಾಯ್ತು, ಎರಡೂ ಮುಖ್ಯ. ಮೊಬೈಲನ್ನು ಕಂತಿನಲ್ಲಿ ಕೊಂಡು ತಪ್ಪದೆ ಕಟ್ಟಿದರೆ ಸಾಲದ ದಾಖಲೆ ಅಲ್ಲಿಂದಲೇ ಶುರು. ತಿರಸ್ಕಾರವಾಯ್ತು ಅಂತ ಸಾಲುಸಾಲಾಗಿ ಬೇರೆ ಕಡೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ 6 ತಿಂಗಳು ದಾಖಲೆಯಲ್ಲಿ ಉಳಿಯುತ್ತೆ. ಮುಂದಿನ ಕಂಪನಿ ಅದನ್ನು ನೋಡಿ ಇವರಿಗೆ ದುಡ್ಡಿನ ತುರ್ತಿದೆ ಅಂದುಕೊಳ್ಳಬಹುದು.

ಮೊದಲ ಕಾರ್ಡಿಗೆ ವಾರ್ಷಿಕ ಶುಲ್ಕವಿಲ್ಲದ ಸಾಧಾರಣದ್ದೇ ಸಾಕು. ಮಾರುಯಿ ಮಳಿಗೆಗಳಲ್ಲಿ ಸಿಗುವ ಎಪೋಸ್ ಕಾರ್ಡ್ ಅಂಥದ್ದು. ನಗದು ಮುಂಗಡದ ಮಿತಿ ಕೇಳುವ ಜಾಗದಲ್ಲಿ ಸೊನ್ನೆ ಹಾಕಿದರೆ ಪರಿಶೀಲನೆ ಹಗುರ.

ಕಾರ್ಡ್ ಕೈಗೆ ಬಂದ ಮೇಲೂ ಒಂದು ಎಚ್ಚರ. 'ರಿಬೋ' ಅನ್ನೋ ಪಾವತಿ ವಿಧಾನ ಆರಿಸಿದರೆ ತಿಂಗಳ ಕಂತು ಚಿಕ್ಕದು, ಬಡ್ಡಿ ಮಾತ್ರ ವರ್ಷಕ್ಕೆ ಸುಮಾರು 15%. ಅಂಗಡಿಯಲ್ಲಿ ಎಷ್ಟು ಕಂತು ಅಂತ ಕೇಳಿದರೆ 'ಇಕ್ಕಾಯ್' ಅನ್ನಿ. ಒಂದೇ ಸಲ ಅಂತ ಅರ್ಥ, ಬಡ್ಡಿ ಬೀಳಲ್ಲ.