ಬಟ್ಟೆಗೆ ಕಸಿ ಕಟ್ಟುವ ಊರು

ಟೋಕಿಯೋದಿಂದ ಶಿಂಕಾನ್‌ಸೆನ್ ರೈಲು ಹತ್ತಿದರೆ ಒಂದು ಗಂಟೆಯೊಳಗೆ ನೀವು ತಕಾಸಾಕಿ ತಲುಪುತ್ತೀರಿ. ಗುನ್ಮಾ ಪ್ರಾಂತದ ಈ ಪಟ್ಟಣ ದರುಮಾ ಎಂಬ ಕೆಂಪು ದುಂಡು ಗೊಂಬೆಗಳಿಗೆ ಹೆಸರುವಾಸಿ. ಆದರೆ ಇಲ್ಲಿ ನೋಡಬೇಕಾದ ಇನ್ನೊಂದು ಕೆಲಸವಿದೆ. 1963ರಲ್ಲಿ ಆರಂಭವಾದ ವಿಕಿರಣ ರಸಾಯನ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳು ಅಗ್ಗದ ಪ್ಲಾಸ್ಟಿಕ್ ಬಟ್ಟೆಯನ್ನು ನೀರು ಶುದ್ಧಮಾಡುವ ಬಟ್ಟೆಯಾಗಿ ಮಾರ್ಪಡಿಸಿದರು.

ಹೇಗೆ ಎನ್ನುತ್ತೀರಾ? ಕಾಟು ಮಾವಿನ ಗಿಡಕ್ಕೆ ಒಳ್ಳೆಯ ಜಾತಿಯ ಟೊಂಗೆ ಕಸಿ ಕಟ್ಟುವುದನ್ನು ನೀವು ನೋಡಿರಬಹುದು. ಮೊದಲು ಗಿಡವನ್ನು ಕೊಯ್ದು, ಆಮೇಲೆ ಟೊಂಗೆ ಕೂರಿಸುತ್ತಾರೆ. ಇಲ್ಲಿ ಚಾಕುವಿನ ಕೆಲಸವನ್ನು ಇಲೆಕ್ಟ್ರಾನ್ ಕಿರಣ ಮಾಡುತ್ತದೆ. ಪಾಲಿಎಥಿಲೀನ್ ಬಟ್ಟೆಯ ಮೇಲೆ ಕಿರಣ ಹಾಯಿಸಿ, ತಕ್ಕ ರಾಸಾಯನಿಕದಲ್ಲಿ ಅದ್ದಿದರೆ ಎಳೆಗಳ ಮೇಲೆ ಹೊಸ ಸರಪಳಿಗಳು ಬೆಳೆಯುತ್ತವೆ. ನೀರಿನಲ್ಲಿ ಕರಗಿದ ಲೋಹವನ್ನು ಹಿಡಿಯುವುದು ಈ ಸರಪಳಿಗಳೇ. ಕಿರಣ ಹಾಯಿಸಿದ್ದರಿಂದ ಬಟ್ಟೆಯೇ ವಿಕಿರಣ ಸೂಸುವುದಿಲ್ಲ. ಆ ಭಯ ಬೇಡ.

ಇದೇ ಪ್ರಾಂತದ ಬೆಟ್ಟದ ಮೇಲೆ ಕುಸಾತ್ಸು ಎಂಬ ಬಿಸಿನೀರ ಬುಗ್ಗೆಗಳ ಊರಿದೆ. ಆ ನೀರು ಕಬ್ಬಿಣದ ಮೊಳೆಯನ್ನೂ ಕರಗಿಸುವಷ್ಟು ಹುಳಿ. 1964ರಿಂದ ಅಲ್ಲಿನ ಹೊಳೆಗೆ ಸುಣ್ಣ ಕಲಸಿದ ನೀರು ಸುರಿದು ಹುಳಿ ತೆಗೆಯುತ್ತಿದ್ದಾರೆ. ಅಂಥ ನೀರಿನಿಂದಲೂ ಕಸಿ ಬಟ್ಟೆ ಸ್ಕ್ಯಾಂಡಿಯಂ ಎಂಬ ದುಬಾರಿ ಲೋಹವನ್ನು ಹಿಡಿದು ತೋರಿಸಿತು. ಹಿಡಿದ ಲೋಹವನ್ನು ಆಮ್ಲದಲ್ಲಿ ತೊಳೆದು ಬಿಡಿಸಿಕೊಳ್ಳಬಹುದು.

2011ರ ಮಾರ್ಚ್‌ನಲ್ಲಿ ಫುಕುಶಿಮಾ ಅಣುಸ್ಥಾವರದ ದುರಂತ ನಡೆಯಿತು. ಹಸುಗೂಸುಗಳಿಗೆ ನಲ್ಲಿ ನೀರು ಕೊಡಬೇಡಿ ಎಂದು ಟೋಕಿಯೋ ಆಡಳಿತವೇ ಹೇಳಬೇಕಾಯಿತು. ಹಾಲಿನ ಪುಡಿ ಕಲಸಲು ಯಾವ ನೀರು ತರಲಿ ಎಂಬ ತಾಯಿಯ ಕಳವಳ ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಅಂದು ನೀರಿನಲ್ಲಿ ಕಂಡ ಅಯೋಡಿನ್ ಕೆಲವು ವಾರಗಳಲ್ಲಿ ಕ್ಷೀಣಿಸಿತು. ಆದರೆ ಮಣ್ಣಿಗೆ ಬಿದ್ದ ಸೀಸಿಯಂ 137 ಅರ್ಧಕ್ಕೆ ಇಳಿಯಲು 30 ವರ್ಷ ಬೇಕು. ತಕಾಸಾಕಿಯ ಕಸಿ ವಿದ್ಯೆ ಆಗ ಅಡುಗೆಮನೆಗೆ ಬಂತು; ಕುಡಿಯುವ ನೀರಿನಿಂದ ಸೀಸಿಯಂ ಹಿಡಿಯುವ ಫಿಲ್ಟರ್‌ಗಳು ತಯಾರಾದವು.

ನಮ್ಮಲ್ಲೂ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ವಿಕಿರಣದಿಂದ ಹತ್ತಿಬಟ್ಟೆಗೆ ಕಸಿ ಮಾಡಿ, ಬಣ್ಣದ ಕಾರ್ಖಾನೆಗಳ ಕೊಳಚೆ ನೀರಿನಿಂದ ಬಣ್ಣ ಹೀರಿಸಿದ್ದಾರೆ.

ಒಂದು ಮಾತು ಮರೆಯಬಾರದು. ಬಟ್ಟೆ ಲೋಹದ ವಿಷವನ್ನು ಹಿಡಿಯುತ್ತದೆಯೇ ಹೊರತು ಅಳಿಸುವುದಿಲ್ಲ. ಹಿಡಿದದ್ದನ್ನು ಯಾರಾದರೂ ಜೋಪಾನವಾಗಿ ಕಾಯಲೇಬೇಕು. ನೀರಿಗೆ ಸೇರಿದ್ದನ್ನು ಹೊರತೆಗೆಯಲು ಇಷ್ಟೆಲ್ಲ ಶ್ರಮ ಬೇಕು. ಸೇರದಂತೆ ನೋಡಿಕೊಳ್ಳಲು ಸ್ವಲ್ಪ ಎಚ್ಚರ ಸಾಕು. ಆದ್ದರಿಂದ ಮುಗಿದ ಬ್ಯಾಟರಿಯನ್ನೋ ಉಳಿದ ಪೈಂಟನ್ನೋ ಮೋರಿಗೆ ಹಾಕಬೇಡಿ, ಮಕ್ಕಳಿಗೂ ಅದನ್ನೇ ಕಲಿಸಿ.